ಹೆದರುವವನಿಗೆ ಮಾತ್ರ ಸುಳ್ಳು ಪತ್ತೆ ಯಂತ್ರ

ದಿನಾ ಹತ್ತು ಸುಳ್ಳು ಹೇಳುವವರ ಮುಖದಲ್ಲಿ ಅಷ್ಟೊಂದು ಕಳೆ ಎಲ್ಲಿಂದ ಬರುತ್ತದೆ ಅಂತ ನಿಮಗೂ ಅನಿಸಿರಬಹುದು. ಉತ್ತರ 2016ರಲ್ಲೇ ಸಿಕ್ಕಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೀಲ್ ಗ್ಯಾರೆಟ್, ಟಾಲಿ ಶಾರೋಟ್ ಮತ್ತು ಜೊತೆಯವರು ಒಂದು ಆಟ ಆಡಿಸಿದರು. ಗಾಜಿನ ಜಾಡಿ ತುಂಬ ಚಿಲ್ಲರೆ ಕಾಸು. ಅದರಲ್ಲಿ ಎಷ್ಟಿದೆ ಅಂತ ನೀವು ಇನ್ನೊಬ್ಬರಿಗೆ ಸಲಹೆ ಕೊಡಬೇಕು. ಜಾಸ್ತಿ ಹೇಳಿದರೆ ನಿಮಗೆ ಲಾಭ, ಅವರಿಗೆ ನಷ್ಟ. ಕೆಲವರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿಯೇ ಆಡಿಸಿದರು.

ಮೊದಮೊದಲು ಎಲ್ಲರದ್ದೂ ಸಣ್ಣ ಸುಳ್ಳು. ಆಗ ಮಿದುಳಿನೊಳಗೆ ಅಮಿಗ್ಡಾಲ ಅನ್ನೋ ಭಾಗ, ಭಯ ಮುಜುಗರಗಳಲ್ಲಿ ಕೈಯಿರುವ ಭಾಗ, ಚೆನ್ನಾಗಿಯೇ ಚಡಪಡಿಸಿತು. ಸುಳ್ಳು ಮುಂದುವರಿದ ಹಾಗೆ ಚಡಪಡಿಕೆ ಇಳಿಯಿತು, ಸುಳ್ಳಿನ ಗಾತ್ರ ಏರಿತು. ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದ ವಾಚ್‌ಮನ್ ಮೊದಲ ವಾರ ಪ್ರತಿ ಗಾಡಿ ನಂಬರ್ ಬರೆದುಕೊಂಡು, ಎರಡು ತಿಂಗಳಿಗೆ ಕುರ್ಚಿಯಿಂದ ಏಳದೆ ಕೈ ಬೀಸಿ ಒಳಗೆ ಬಿಡುತ್ತಾನಲ್ಲ, ಹಾಗೆ. ಇನ್ನೊಂದು ಮಜಾ ಇದೆ. ಈ ಮರಗಟ್ಟುವಿಕೆ ಕಂಡದ್ದು ತನಗೆ ಲಾಭ ಇರುವ ಸುಳ್ಳಿನಲ್ಲಿ. ಜನಸೇವೆಗಾಗಿಯೇ ಸುಳ್ಳು ಹೇಳುತ್ತೇನೆ ಅನ್ನುವವರು ದಯವಿಟ್ಟು ಒಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.

ಅಂದರೆ ಹೊಸಬನಿಗೆ ಎದೆ ಢವಢವ, ಅನುಭವಸ್ಥನಿಗೆ ಏನೂ ಇಲ್ಲ. ಇಷ್ಟು ತಿಳಿದ ಮೇಲೆ ನಾವು ಸುಳ್ಳು ಹಿಡಿಯೋಕೆ ಏನೇನು ಇಟ್ಟುಕೊಂಡಿದ್ದೇವೆ ನೋಡಿ. ಪಾಲಿಗ್ರಾಫ್ ಯಂತ್ರ ಅಳೆಯುವುದು ಸುಳ್ಳನ್ನಲ್ಲ. ನಾಡಿ, ಬಿ.ಪಿ., ಉಸಿರು, ಅಂಗೈ ಬೆವರು, ಇಷ್ಟೇ. ಒಟ್ಟಿನಲ್ಲಿ ಎಷ್ಟು ಗಾಬರಿಯಾಗಿದ್ದೀರಿ ಅನ್ನೋದು. ಜೀವಮಾನದಲ್ಲಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತದ ಮೇಷ್ಟ್ರನ್ನು ಆ ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಬಿಗಿದು, ಬೆರಳಿಗೆ ವೈರ್ ಸಿಕ್ಕಿಸಿ 'ನಿಮ್ಮ ಹೆಸರೇನು' ಅಂತ ಕೇಳಿದರೂ ಸಾಕು, ಪೆನ್ನು ಕಾಗದದ ಆಚೆ ಹೋಗುತ್ತದೆ. ನಲವತ್ತು ವರ್ಷ ಇದೇ ಕಸುಬಿನಲ್ಲಿ ಪಳಗಿದವನು ಕೂತರೆ ಗೆರೆ ಕೆರೆ ನೀರಿನ ಥರ ತಣ್ಣಗಿರುತ್ತದೆ.

ಈ ವಿದ್ಯೆಗೆ ಒಂದು ಕಾಲದಲ್ಲಿ ನಮ್ಮ ಬೆಂಗಳೂರೇ ರಾಜಧಾನಿ. ಎಲ್ಲೆಲ್ಲಿಯ ಆರೋಪಿಗಳನ್ನೋ ಇಲ್ಲಿಗೆ ತಂದು ಮಂಪರು ಪರೀಕ್ಷೆ, ಅಂದರೆ ಮದ್ದು ಚುಚ್ಚಿ ಅರೆನಿದ್ದೆಯಲ್ಲಿ ಬಾಯಿ ಬಿಡಿಸುವ ಪರೀಕ್ಷೆ, ಮಾಡಿಸುತ್ತಿದ್ದರು. ನಕಲಿ ಛಾಪಾ ಕಾಗದದ ತೆಲಗಿಗೂ ಇಲ್ಲೇ ಆಯಿತು. ಮಂಪರಿನಲ್ಲಿ ಆತ ತೊದಲಿದ್ದನ್ನು ಟಿವಿಯವರು ಪ್ರಸಾರವೂ ಮಾಡಿದರು. ಸತ್ಯ ಬರೆದುಕೊಡೋಕೆ ಇರುವ ಕಾಗದವನ್ನೇ ಸುಳ್ಳು ಅಚ್ಚು ಹಾಕಿದ ಕೇಸು ಅದು, ನೆನಪಿರಲಿ. ಇದೆಲ್ಲ ಭರ್ಜರಿಯಾಗಿ ನಡೆಯುತ್ತಿರುವಾಗಲೇ 2009ರಲ್ಲಿ ಸರ್ಕಾರ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಮಂಪರು ಪರೀಕ್ಷೆಗೆ ಹೆಸರಾದ ಅಧಿಕಾರಿಯೊಬ್ಬರನ್ನು ವಜಾ ಮಾಡಿತು. ಆರೋಪ? ಕೆಲಸಕ್ಕೆ ಸೇರುವಾಗ ಕೊಟ್ಟ ದಾಖಲೆ ಸುಳ್ಳು ಅಂತ! ಕಥೆ ಬರೆಯುವವರು ಹೀಗೆ ಬರೆದಿದ್ದರೆ ಸಂಪಾದಕರು ವಾಪಸ್ ಕಳಿಸುತ್ತಿದ್ದರು. ಮುಂದಿನ ವರ್ಷ, 2010ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಪಾಲಿಗ್ರಾಫ್, ಮಂಪರು, ಮಿದುಳಿನ ಅಲೆ ಅಳೆಯುವ ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಅಂದಿತು. ಆದರೂ ಇವತ್ತಿಗೂ ಯಾವುದೇ ಹಗರಣ ಬರಲಿ, ಸಂಜೆ ಚರ್ಚೆಯಲ್ಲಿ ಒಬ್ಬರಾದರೂ ಮೇಜು ಕುಟ್ಟುತ್ತಾರೆ. 'ತಾಕತ್ತಿದ್ದರೆ ಮಂಪರು ಪರೀಕ್ಷೆಗೆ ಬರಲಿ!'

ಯಂತ್ರ ಬೇಡ, ಅಫಿಡವಿಟ್ ಸಾಕು ಅನ್ನುವವರೂ ಇದ್ದಾರೆ. ಕೋರ್ಟಿನ ಎದುರು ಮರದ ಕೆಳಗೆ ನೋಟರಿ ಮೇಜು ನೋಡಿದ್ದೀರಲ್ಲ. 'ಇಲ್ಲೊಂದು ಸೈನ್ ಸಾರ್, ಇಲ್ಲೊಂದು, ಹಿಂದೆ ಒಂದು', ಅಷ್ಟರಲ್ಲಿ ಎರಡು ಸೀಲು ಬಿದ್ದಿರುತ್ತದೆ. ದೇವರ ಹೆಸರಿನಲ್ಲಿ ಸತ್ಯಪ್ರಮಾಣ ಮುಗಿಯೋಕೆ ಒಂದು ಕಾಫಿ ಕುಡಿಯುವಷ್ಟೂ ಹೊತ್ತು ಬೇಕಾಗಲ್ಲ. ಚುನಾವಣೆಗೆ ನಿಂತವರೂ ಇಂಥದ್ದೇ ಅಫಿಡವಿಟ್ ಕೊಡುತ್ತಾರೆ. ಅದರಲ್ಲಿ ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಅಂತ ಕಾನೂನಿದೆ. ಅಷ್ಟಕ್ಕೆ ಯಾವ ಅಮಿಗ್ಡಾಲ ಎದ್ದು ಕೂರುತ್ತದೆ ಹೇಳಿ?

ಸಹಿಯ ಜಾಗ ಬದಲಿಸಿದರೆ ಜನ ಪ್ರಾಮಾಣಿಕರಾಗುತ್ತಾರೆ ಅಂತಲೂ ಅಮೆರಿಕದಲ್ಲಿ ಒಂದು ಸಂಶೋಧನೆ ಬಂದಿತ್ತು, 2012ರಲ್ಲಿ. 'ನಿಜವನ್ನೇ ಬರೆಯುತ್ತೇನೆ' ಅಂತ ಫಾರಂನ ಕೊನೆಗೆ ಬದಲು ಮೇಲೆಯೇ ಸಹಿ ಹಾಕಿಸಿ ಅಂತ. ಕಾರು ವಿಮೆಯ ಗ್ರಾಹಕರು ಬರೆದುಕೊಟ್ಟ ಕಿಲೋಮೀಟರ್ ಲೆಕ್ಕವೇ ಸಾಕ್ಷಿ. ಜಗತ್ತೆಲ್ಲ ಕೊಂಡಾಡಿತು. 2021ರಲ್ಲಿ ನೋಡಿದರೆ ಆ ಲೆಕ್ಕವೇ ಕಟ್ಟುಕಥೆ! ಪ್ರಾಮಾಣಿಕತೆಯ ಪ್ರಬಂಧವನ್ನು ಅಪ್ರಾಮಾಣಿಕ ಅಂಕಿಯ ಕಾರಣಕ್ಕೆ ವಾಪಸ್ ತೆಗೆದುಕೊಂಡರು. ನಾನೇ ತಿದ್ದಿದ್ದು ಅಂತ ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ. ಅದರ ಲೇಖಕರಲ್ಲಿ ಒಬ್ಬರು ಮೇಲಿನ ಜಾಡಿ ಪ್ರಯೋಗದ ತಂಡದಲ್ಲೂ ಇದ್ದರು. ಜಾಡಿ ಪ್ರಬಂಧ ಇನ್ನೂ ನಿಂತಿದೆ ಬಿಡಿ, ನಾನು ಸುಮ್ನೆ ಹೇಳಿದೆ.

ಇನ್ನು ಉಳಿದದ್ದು ನಮ್ಮ ಸ್ವದೇಶಿ ವಿಧಾನ, ಆಣೆ. 2011ರಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಪೇಪರಿನಲ್ಲಿ ಜಾಹೀರಾತು ಕೊಟ್ಟು ಕುಮಾರಸ್ವಾಮಿಯವರನ್ನು ಧರ್ಮಸ್ಥಳಕ್ಕೆ ಕರೆದರು, ಮಂಜುನಾಥನ ಮುಂದೆ ಪ್ರಮಾಣ ಮಾಡೋಣ ಬನ್ನಿ ಅಂತ. ಜೂನ್ 27ಕ್ಕೆ ಇಬ್ಬರೂ ಹೋದರು. ಕ್ಯಾಮೆರಾಗಳೂ ಹೋದವು. ಇಬ್ಬರೂ ದೇವರಿಗೆ ಕೈಮುಗಿದು, ಆಣೆ ಮಾತ್ರ ಮಾಡದೆ ವಾಪಸ್ ಬಂದರು. ಆಗ ರಾಜ್ಯವೇ ನಕ್ಕಿತು. ಕಾರಣ ಅವರವರಿಗೇ ಗೊತ್ತು, ಆದರೆ ನನಗೀಗ ಅನಿಸುವುದೇ ಬೇರೆ. ದೇವರ ಮುಂದೆ ನಿಂತಾಗ ತಡೆದು ನಿಲ್ಲಿಸುವ ಅಳುಕು ಅಂತ ಒಂದು ಆಗಿನ್ನೂ ಇತ್ತು. ಇವತ್ತು ಅದೇ ಸವಾಲು ಹಾಕಿ ನೋಡಿ. ಎರಡೂ ಪಕ್ಷದವರು ಬಸ್ ಮಾಡಿಕೊಂಡು ಬಂದು, ಒಂದೇ ವಿಷಯಕ್ಕೆ ಎರಡು ಥರ ಆಣೆ ಮಾಡಿ, ಛತ್ರದಲ್ಲಿ ಒಟ್ಟಿಗೆ ಊಟ ಮುಗಿಸಿ, ಘಾಟಿ ಹತ್ತುವಾಗಲೇ ರೀಲ್ಸ್ ಹಾಕಿರುತ್ತಾರೆ.