ಬಸ್ ಟಿಕೆಟ್ ಫ್ರೀಬಿ, ಕಂಪನಿ ತೆರಿಗೆ ರಿಫಾರ್ಮ್

ನಮ್ಮ ಮನೆಗೆ ಎರಡು ಪತ್ರಿಕೆ ಬರುತ್ತವೆ, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಇಂಗ್ಲಿಷ್ ಪತ್ರಿಕೆಯ ರಾಜಕೀಯ ಪುಟ ತೆರೆದಾಗಲೆಲ್ಲ ಎರಡು ಪದ ಮುಳ್ಳಿನ ಹಾಗೆ ಚುಚ್ಚುತ್ತವೆ. ಫ್ರೀಬಿ ಮತ್ತು ಸಾಪ್. ಫ್ರೀಬಿ ಅಂದರೆ ಪುಕ್ಕಟೆ ಕೊಡುಗೆ, ಸಾಪ್ ಅಂದರೆ ಜನರನ್ನು ಓಲೈಸಲು ಕೊಡುವ ಕೊಡುಗೆ.

2023ರ ಜೂನ್ 11ಕ್ಕೆ ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಬಂತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಇಂಗ್ಲಿಷ್ ಹೆಡ್‌ಲೈನುಗಳಲ್ಲಿ ಇವೆಲ್ಲ ಫ್ರೀಬಿ ಆದವು. ಈಗ 2019ರ ಸೆಪ್ಟೆಂಬರ್ 20 ನೆನಪು ಮಾಡಿಕೊಳ್ಳಿ. ಅವತ್ತು ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿತು, ಬೇರೆ ವಿನಾಯಿತಿ ಬಿಡಲು ಒಪ್ಪಿದವರಿಗೆ. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈತಪ್ಪುತ್ತದೆ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಅದಕ್ಕೆ ಹೆಚ್ಚಾಗಿ ಸಿಕ್ಕ ಪದಗಳು ಸ್ಟಿಮ್ಯುಲಸ್, ಬೂಸ್ಟ್, ರಿಫಾರ್ಮ್. ಎರಡೂ ಕಡೆ ಬೊಕ್ಕಸದ ಹಣವೇ. ಹೆಸರು ಮಾತ್ರ ಬೇರೆ.

ಸಾಪ್ ಪದದ ಮೂಲ ಹುಡುಕಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಹಾಲಲ್ಲೋ ಸಾರಲ್ಲೋ ಅದ್ದಿದ ರೊಟ್ಟಿ ಚೂರು ಅಂತ ಅರ್ಥ. ರೋಮನ್ನರ ಹಳೆಯ ಕಥೆಯೊಂದರಲ್ಲಿ ಪಾತಾಳದ ಬಾಗಿಲಿಗೆ ಸೆರ್ಬರಸ್ ಎಂಬ ಮೂರು ತಲೆಯ ನಾಯಿ ಕಾವಲು. ಅದು ಸುಮ್ಮನೆ ಮಲಗಲಿ ಎಂದು ಮದ್ದು ಬೆರೆಸಿದ ಸಿಹಿ ತಿಂಡಿ ಎಸೆಯುತ್ತಾರೆ. ‘ಸೆರ್ಬರಸ್‌ಗೆ ಹಾಕಿದ ಸಾಪ್’ ಎಂಬ ಇಂಗ್ಲಿಷ್ ಮಾತು ಬಂದಿದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ, ಹೆಡ್‌ಲೈನಿನಲ್ಲಿ ಜಾಗ ಉಳಿಯುತ್ತದೆ, ಅದು ಗೊತ್ತು. ಆದರೆ ತಿಂಡಿ ಎಸೆಯುವುದು ಸರ್ಕಾರವಾದರೆ ನಾಯಿಯ ಜಾಗದಲ್ಲಿ ನಿಂತವರು ಯಾರು? ಓಟು ಹಾಕುವ ನಾವೇ ಅಲ್ವಾ?

ಇದು ಒಂದು ಪಕ್ಷದ ಪರ ಮಾತಲ್ಲ. ರೈತರಿಗೆ ವರ್ಷಕ್ಕೆ 6,000 ಕೊಡುವ ಪಿಎಂ ಕಿಸಾನ್ 2019ರ ಚುನಾವಣೆಗೆ ಮುಂಚೆ ಬಂದಾಗಲೂ ಇದೇ ಸಾಪ್ ಪದ ಹಾಕಿದ್ದರು. ಶಕ್ತಿ, ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳ ಖರ್ಚನ್ನು ಪ್ರಶ್ನೆ ಮಾಡಬಾರದು ಅಂತಲೂ ನಾನು ಹೇಳುವುದಿಲ್ಲ. 2024-25ರ ರಾಜ್ಯ ಬಜೆಟ್ಟಿನಲ್ಲಿ ಅವಕ್ಕೆ ಇಟ್ಟಿದ್ದು ಸುಮಾರು 52,000 ಕೋಟಿ. ಇಷ್ಟನ್ನು ರಾಜ್ಯ ಎಷ್ಟು ವರ್ಷ ತಾಳುತ್ತದೆ? ರಸ್ತೆಗೆ, ಶಾಲೆಗೆ ಏನು ಉಳಿಯುತ್ತದೆ? ಕೇಳಲೇಬೇಕು, ಜೋರಾಗಿಯೇ ಕೇಳಬೇಕು. ಆದರೆ ಫ್ರೀಬಿ ಅಂದ ಮೇಲೆ ಪ್ರಶ್ನೆ ಕೇಳುವ ಮೊದಲೇ ತೀರ್ಪು ಕೊಟ್ಟ ಹಾಗಾಯಿತು.

ಅಷ್ಟಕ್ಕೂ ಅದು ಯಾರೋ ಕೊಟ್ಟ ದಾನವಾ? ಬಸ್ಸಿನಲ್ಲಿ ಹೆಂಗಸರಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಟಿಕೆಟ್ಟುಗಳ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕಟ್ಟಿಕೊಡಬೇಕು. ಆ ಹಣ ಎಲ್ಲಿಂದ ಬರುತ್ತದೆ? ಅದೇ ಹೆಂಗಸು ಚಪ್ಪಲಿ ಕೊಂಡಾಗ, ಮೊಬೈಲ್ ರೀಚಾರ್ಜ್ ಮಾಡಿಸಿದಾಗ ಕಟ್ಟಿದ ಜಿಎಸ್‌ಟಿಯೂ ಅದರಲ್ಲಿದೆ. ‘ತೆರಿಗೆ ಕಟ್ಟುವವರ ಹಣ’ ಎಂದು ಬರೆಯುವಾಗ ಅವಳ ಹೆಸರು ಯಾಕೆ ನೆನಪಾಗುವುದಿಲ್ಲ?

ಕನ್ನಡದಲ್ಲಿ ಬರೆಯುವವರಿಗೂ ಒಂದು ಮಾತು. ಹಾರ್ಸ್ ಟ್ರೇಡಿಂಗ್ ಅನ್ನು ಕುದುರೆ ವ್ಯಾಪಾರ ಮಾಡಿಕೊಂಡ ಹಾಗೆ ಫ್ರೀಬಿಯನ್ನು ‘ಬಿಟ್ಟಿ ಭಾಗ್ಯ’ ಮಾಡಿಕೊಂಡಿದ್ದೇವೆ. ಬಿಟ್ಟಿ ಎಂದರೆ ಹಿಂದೆ ಊರಿನ ಒಡೆಯರಿಗೆ ಕೂಲಿ ಇಲ್ಲದೆ ಮಾಡಬೇಕಿದ್ದ ಕೆಲಸ. ಬಿಟ್ಟಿ ಚಾಕರಿ ಅಂತ ಈಗಲೂ ಹೇಳುತ್ತೇವೆ. ನಮ್ಮಮ್ಮ ನಲವತ್ತು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿದರು, ನೀರು ಹೊತ್ತರು, ಅತ್ತೆಯ ಆರೈಕೆ ಮಾಡಿದರು. ಒಂದು ರೂಪಾಯಿ ಸಂಬಳವಿಲ್ಲ. ಅದನ್ನು ಯಾವ ಪತ್ರಿಕೆಯೂ ಬಿಟ್ಟಿ ಎನ್ನಲಿಲ್ಲ. ಈಗ ಅವರ ಖಾತೆಗೆ ಎರಡು ಸಾವಿರ ಬಂದ ಮೇಲೆ ಆ ಪದ ನೆನಪಾಗಿದೆ.