ಕವಲೇದುರ್ಗದಲ್ಲಿ ಮೊದಲು ನೀರು ನೋಡಿ, ಆಮೇಲೆ ತುದಿ

ತೀರ್ಥಹಳ್ಳಿ ಬಳಿಯ ಗುಡ್ಡದ ಕೋಟೆ ಕವಲೇದುರ್ಗಕ್ಕೆ ಬರುವವರಲ್ಲಿ ಬಹಳಷ್ಟು ಜನ ಗದ್ದೆಬದು ದಾಟಿ ಒಂದೇ ಉಸಿರಿಗೆ ತುದಿ ಹತ್ತಿ, ಶಿಖರೇಶ್ವರ ಗುಡಿ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಬುಡದ ತಿಮ್ಮಣ್ಣನಾಯಕನ ಕೆರೆ, ಕೋಟೆಯೊಳಗಿನ ಕೊಳಗಳು ಅವರ ಕಣ್ಣಿಗೇ ಬೀಳುವುದಿಲ್ಲ. ಕೆಳದಿಯ ಅರಸ ವೆಂಕಟಪ್ಪ ನಾಯಕ ಭುವನಗಿರಿ ಎಂದು ಹೆಸರಿಟ್ಟ ಈ ಗುಡ್ಡದ ಮೇಲೆ ಅರಮನೆ, ಮಠ, ಕಣಜ, ಆನೆ-ಕುದುರೆ ಲಾಯ ಎಲ್ಲ ಇದ್ದವು. ಅಷ್ಟು ಜನ-ಜಾನುವಾರಿಗೆ ದಿನಾ ಕೆಳಗಿನಿಂದ ನೀರು ಹೊತ್ತು ಪೂರೈಸುವುದಕ್ಕಾಗುತ್ತದೆಯೇ? ಬಂಡೆ ನೀರು ಹೀರುವುದಿಲ್ಲ, ಬಿದ್ದ ಮಳೆ ಇಳಿಜಾರಿನಲ್ಲಿ ಜಾರಿ ಬರುತ್ತದೆ. ಆ ಜಾರುವ ನೀರನ್ನೇ ತಗ್ಗಿನಲ್ಲಿ ಹಿಡಿದು ಕಲ್ಲು ಕಟ್ಟಿದರು. ನನ್ನ ಪ್ರಕಾರ ಮೂರು ಸುತ್ತಿನ ಗೋಡೆಗಿಂತ ಈ ಕೊಳಗಳೇ ದೊಡ್ಡ ಕೆಲಸ.

ದಯವಿಟ್ಟು ಕೊಳಕ್ಕೆ ಇಳಿಯಬೇಡಿ. ನೀರೊಳಗಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ತಳದಲ್ಲಿ ಹೂಳು. ಮೊದಲ ಮೆಟ್ಟಿಲಲ್ಲಿ ಮೊಣಕಾಲು ಮಟ್ಟ ಅನ್ನಿಸಿದ ನೀರು ಮುಂದಿನ ಹೆಜ್ಜೆಗೆ ಎಷ್ಟಿರುತ್ತದೋ ಮೇಲಿಂದ ತಿಳಿಯುವುದಿಲ್ಲ. ಈಜು ಬಂದರೂ ಜಾರಿದ ಕಾಲಿಗೆ ಊರಲು ಜಾಗ ಸಿಗದು. ಸೋಪು, ಶಾಂಪೂ ಅಂತೂ ಬೇಡವೇ ಬೇಡ. ಇದು ನಿಂತ ನೀರು, ಕೊಳೆ ಮುಂದಿನ ಮಳೆಗಾಲದವರೆಗೂ ಅಲ್ಲೇ ಉಳಿಯುತ್ತದೆ.

ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಹತ್ತಿ ಇಳಿಯಲು, ಕೆರೆ-ಕೊಳ ಸೇರಿಸಿ, ಮೂರು ತಾಸು ಇಟ್ಟುಕೊಳ್ಳಿ. ತಲೆಗೆ 2 ಲೀಟರ್ ಕುಡಿಯುವ ನೀರು ಕೆಳಗಿಂದಲೇ ಒಯ್ಯಿರಿ. ದಾರಿಗೆ ಹಾಸಿದ ಕಲ್ಲು ಸವೆದು ನುಣ್ಣಗಾಗಿದೆ, ಮಳೆ ಬಿದ್ದರೆ ಎಣ್ಣೆ ಹಚ್ಚಿದ ಹಾಗೆ. ಅಡಿ ಸವೆದ ಶೂ, ಹವಾಯಿ ಚಪ್ಪಲಿ ಎರಡೂ ಜಾರುತ್ತವೆ. ಇಳಿಯುವಾಗ ಕಲ್ಲಿನ ನುಣುಪು ಮೈಮೇಲೆ ಕಾಲಿಡದೆ, ಹುಲ್ಲು ಬೆಳೆದ ಸಂದಿನಲ್ಲಿ ಅಡ್ಡಪಾದ ಊರಿ.

ಮಳೆಗಾಲಕ್ಕೆ ಬಂದರೆ ಉಂಬಳ (ಜಿಗಣೆ) ತಪ್ಪಿದ್ದಲ್ಲ. ಕಚ್ಚಿದ್ದನ್ನು ಗಾಬರಿಯಲ್ಲಿ ಕಿತ್ತೆಳೆಯಬೇಡಿ. ಅದರ ಬಾಯಿಯ ಪಕ್ಕದಲ್ಲಿ ನಿಮ್ಮ ಚರ್ಮಕ್ಕೆ ಉಗುರು ಒತ್ತಿ ಮೆಲ್ಲಗೆ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೂ ರಕ್ತ ಸೋರುವುದು ವಿಷದಿಂದಲ್ಲ, ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುತ್ತದೆ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ನವೆಂಬರಿನಿಂದ ಜನವರಿವರೆಗೆ ಬಂದರೆ ಈ ಕಾಟ ಕಡಿಮೆ, ಕೊಳಗಳಲ್ಲಿ ನೀರೂ ಚೆನ್ನಾಗಿರುತ್ತದೆ.

ಸೂರ್ಯಾಸ್ತಕ್ಕೆಂದು ನಿಂತವರು ಟಾರ್ಚ್ ಇಟ್ಟುಕೊಳ್ಳಿ. ತುದಿಯ ಬಂಡೆಯಲ್ಲಿ ಇನ್ನೂ ಬೆಳಕಿದ್ದಾಗಲೇ ಕೆಳಗಿನ ಕಾಡುದಾರಿಯಲ್ಲಿ ಕತ್ತಲು ಕವಿದಿರುತ್ತದೆ.