ಕಂದಕ ತೋಡಿದರೆ ಸಾಲದು

ಕಾಡಂಚಿನ ಊರುಗಳಿಗೆ ಆನೆ ನುಗ್ಗದಂತೆ ತಡೆಯಲು ಕಂದಕ ತೋಡುವುದೇ ಪರಿಹಾರ ಅಂತ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ಸಾಮಾನ್ಯವಾಗಿ 3 ಮೀಟರ್ ಅಗಲ, 3 ಮೀಟರ್ ಆಳ ತೋಡುತ್ತಾರೆ. ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಕೊಡಗಿನಂಥ ಕಡೆ ಎರಡು ಮಳೆಗಾಲ ಕಳೆಯಲಿ, ಅಂಚು ಕುಸಿದು ಹೂಳು ತುಂಬುತ್ತದೆ. ಆನೆಯೂ ಸುಮ್ನೆ ನಿಲ್ಲುವುದಿಲ್ಲ. ಮುಂಗಾಲಿನಿಂದ ಅಂಚಿನ ಮಣ್ಣನ್ನು ಒದ್ದು ಒದ್ದು ಒಳಗೆ ಬೀಳಿಸಿ, ಇಳಿಜಾರು ಮಾಡಿಕೊಂಡು ದಾಟುತ್ತದೆ. ಹಳ್ಳ, ಬಂಡೆ ಇರುವಲ್ಲಿ ತೋಡಲು ಆಗುವುದೇ ಇಲ್ಲ, ಆ ಸಂದಿನಲ್ಲೇ ನುಗ್ಗುತ್ತವೆ. ನಾಗರಹೊಳೆ ಸುತ್ತ ಹಳೇ ರೈಲು ಕಂಬಿಯ ಬೇಲಿ ಹಾಕಿದ್ದು ಕಂದಕ ಸಾಲದೆ ತಾನೇ? ಆದರೆ ಅದಕ್ಕೆ ಖರ್ಚು ಜಾಸ್ತಿ. ಹಾಗಾಗಿ ಹೊಸ ಕಂದಕಕ್ಕೆ ಹಣ ಕೇಳುವಾಗಲೇ ಪ್ರತಿ ವರ್ಷ ಹೂಳೆತ್ತಲೂ ಹಣ ಇಡಿ ಅಂತ ಊರಿನವರು ಪಟ್ಟು ಹಿಡಿಯಬೇಕು. ಭತ್ತ ತೆನೆ ಕಟ್ಟುವ ಹೊತ್ತಿಗೆ ಆ ಕೆಲಸ ಮುಗಿದಿರಬೇಕು.